ತೂಕದಕ್ಕನ ಐದು ಕಿಲೋ ಕಲ್ಲು

ತೂಕದಕ್ಕನನ್ನು ಮೊದಲ ಸಲ ನೋಡಿದಾಗ ಅವರು ಕುಂಬಳಕಾಯಿ ಮಾರುತ್ತಿದ್ದಾರೆ ಅಂದುಕೊಂಡಿದ್ದೆ.

ತಪ್ಪು ಪೂರ್ತಿ ನನ್ನದೇ ಅನ್ನುವಂತಿಲ್ಲ. ರಸ್ತೆ ಮುಗಿಯುವಲ್ಲಿ ನನ್ನನ್ನು ಇಳಿಸಿದ ಬಸ್ಸು, ಇನ್ನು ನಿನ್ನ ಪಾಡು ನಿನಗೆ ಎಂಬಂತೆ ಹೊಗೆ ಬಿಟ್ಟು ತಿರುಗಿತ್ತು. ಅಲ್ಲಿಂದ ಎರಡು ಗಂಟೆ ಗುಡ್ಡ ಹತ್ತಿ ಇಳಿದಿದ್ದೆ, ಅದೂ ಕಚೇರಿಗೆ ಹಾಕಿಕೊಳ್ಳುವ ಬೂಟಿನಲ್ಲಿ. ಹಿಮ್ಮಡಿಯ ಚರ್ಮ ಕಾಲುಚೀಲಕ್ಕೆ ಅಂಟಿತ್ತು. ಹೊಟ್ಟೆಯಲ್ಲಿ ಬೆಳಗಿನ ಚಹಾ ಬಿಟ್ಟರೆ ಬೇರೇನಿಲ್ಲ. ಅಂಥವನ ಕಣ್ಣಿಗೆ ಮರದ ಕೊಂಬೆಗೆ ತೂಗುಹಾಕಿದ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ, ಜೋಲಿಯೊಳಗೆ ದುಂಡಗಿನದೇನೋ ಒಂದು, ಸುತ್ತ ಏಳೆಂಟು ಹೆಂಗಸರು ಕಂಡರೆ ಇನ್ನೇನು ತಾನೇ ಅನ್ನಿಸಬೇಕು? ಹೋಗುವಾಗ ಮನೆಗೊಂದು ಒಯ್ದರೆ ಅಮ್ಮ ಖುಷಿಪಟ್ಟಾಳು ಎಂಬ ಲೆಕ್ಕದಲ್ಲಿ ಕೇಳಿಯೇಬಿಟ್ಟೆ.

"ಅಮ್ಮಾ, ಕಿಲೋಗೆ ಎಷ್ಟು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಂಟದ ಮೇಲೆ ಗುಂಡಗಿನ ಗಂಡುಮಗು ಎತ್ತಿಕೊಂಡಿದ್ದವಳು ಮೊದಲು ನಕ್ಕಳು, ಆಮೇಲೆ ಯಾರೂ ನಗು ತಡೆದುಕೊಳ್ಳಲಿಲ್ಲ. ತಕ್ಕಡಿಯ ಮುಂದಿದ್ದ ಐವತ್ತರ ಆಸುಪಾಸಿನ ಹೆಂಗಸು ಮಾತ್ರ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

"ಪೂರ್ತಿ ಐದು ಕಿಲೋ ಇದೆಯಪ್ಪ. ತಗೊಂಡು ಹೋಗು. ಬೇಯೋದು ಮಾತ್ರ ಸ್ವಲ್ಪ ತಡ," ಅಂದು ಜೋಲಿಯೊಳಗಿನದನ್ನು ಎತ್ತಿ ನನ್ನ ಕೈಗಿಟ್ಟರು.

ಕಲ್ಲು. ಉರುಟು ಮಾಡಿ, ತೊಳೆದು ತೊಳೆದು ನುಣುಪಾದ ಕರಿಯ ಕಲ್ಲು.

ನಾನು ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ, ಹೇಳಿಕೊಳ್ಳುವಂಥದ್ದೂ ಹೆಚ್ಚಿಲ್ಲ. ಮಕ್ಕಳ ಪೌಷ್ಟಿಕ ಆಹಾರದ ಕಚೇರಿಯಲ್ಲಿ ದಿನಗೂಲಿಯ ಮೇಲೆ ಕಂಪ್ಯೂಟರಿಗೆ ಅಂಕಿ ತುಂಬುವವನು. "ನನ್ನ ಮಗ ಸರ್ಕಾರದ ಕಂಪ್ಯೂಟರ್ ನೋಡ್ಕೋತಾನೆ" ಎಂದು ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಾಳೆ. ಸುಳ್ಳಲ್ಲ. ಅದರ ಧೂಳು ಒರೆಸುತ್ತಿದ್ದವನೂ ನಾನೇ. ಅರವತ್ತನಾಲ್ಕು ಹಳ್ಳಿಗಳ ಮಕ್ಕಳ ತೂಕ ತಿಂಗಳಿಗೊಮ್ಮೆ ಕಾಗದದ ಮೇಲೆ ನನ್ನ ಮೇಜಿಗೆ ಬರುತ್ತಿತ್ತು. ನನ್ನ ಪಾಲಿಗೆ ಮಗು ಅಂದರೆ ಒಂದು ಸಾಲು, ಅದರ ಕೊನೆಯಲ್ಲೊಂದು ತೂಕ, ತೂಕಕ್ಕೆ ತಕ್ಕ ಬಣ್ಣ. ಹಸಿರು ಬಂದರೆ ಚಿಂತೆಯಿಲ್ಲ. ಹಳದಿಗೆ ಹೆಚ್ಚುವರಿ ಹಿಟ್ಟಿನ ಪೊಟ್ಟಣ. ಕೆಂಪಿಗೆ ಪೊಟ್ಟಣದ ಜೊತೆಗೆ ಗಾಡಿ, ಪಟ್ಟಣದ ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಹದಿನೈದು ದಿನ ಹಾಸಿಗೆ. ಇದೆಲ್ಲವನ್ನೂ ಕಂಪ್ಯೂಟರೇ ನಿರ್ಧರಿಸುತ್ತಿತ್ತು. ನಾನು ಅಂಕಿ ಒತ್ತಿದರೆ ಸಾಕು.

ತೂಕದಕ್ಕನ ಹಳ್ಳಿ ಆ ಅರವತ್ತನಾಲ್ಕರಲ್ಲಿ ಕೊನೆಯದು. ಅವರಿಗೆ ಬೇರೆ ಹೆಸರಿದೆ, ಸರ್ಕಾರಿ ಕಾಗದದಲ್ಲಿ ಉದ್ದಕ್ಕೆ ಇದೆ. ಊರಲ್ಲಿ ಆ ಹೆಸರು ಹಿಡಿದು ಕೇಳಿದರೆ ಅವರ ಗಂಡನೇ ಒಂದು ಗಳಿಗೆ ಯೋಚಿಸಬೇಕು. ಮಕ್ಕಳ ಕೇಂದ್ರಕ್ಕೆ ಸೇರಿ ಇಪ್ಪತ್ತಮೂರು ವರ್ಷ. ಅದಕ್ಕೂ ಮೊದಲು ಬಟ್ಟೆ ಹೊಲಿಯುತ್ತಿದ್ದರು. ತೂಗುವ ಜೋಲಿ ಅವರದೇ ಹೊಲಿಗೆ, ಎರಡು ಪದರ, ಕಾಲು ತೂರಿಸಲು ಎರಡು ಕಿಂಡಿ, ಅಂಚಿಗೆ ಮೆತ್ತನೆ ಪಟ್ಟಿ. ತೊಡೆ ಕೊರೆದರೆ ಮಗು ಒದ್ದಾಡುತ್ತದೆ, ಮಗು ಒದ್ದಾಡಿದರೆ ಮುಳ್ಳು ನಿಲ್ಲುವುದಿಲ್ಲ, ಮುಳ್ಳು ನಿಲ್ಲದಿದ್ದರೆ ಬರೆದದ್ದೆಲ್ಲ ಕಟ್ಟುಕತೆ ಎಂಬುದು ಅವರ ವಾದ.

ಕಲ್ಲಿನ ಕತೆಯನ್ನು ಅವರೇ ಹೇಳಿದರು. ಸೇರಿದ ಹೊಸದರಲ್ಲಿ ಕಚೇರಿಯಿಂದ ಬಂದ ತಕ್ಕಡಿ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತೋರಿಸುತ್ತಿತ್ತಂತೆ. ಗಂಡ ಕಲ್ಲುಕುಟಿಗ. ಒಂದು ಕಲ್ಲು ಕಡಿದುಕೊಡು ಅಂದರು, ಅವನು ಕಡಿದುಕೊಟ್ಟ. ಹೊತ್ತುಕೊಂಡು ಪಟ್ಟಣಕ್ಕೆ ಹೋಗಿ ಮೂರು ಅಂಗಡಿಯಲ್ಲಿ ತೂಗಿಸಿದರು. ಇನ್ನೂರು ಗ್ರಾಂ ಹೆಚ್ಚಿತ್ತು. ವಾಪಸು ತಂದು ಮತ್ತೆ ಕಡಿಸಿದರು, ಮತ್ತೆ ಹೊತ್ತರು. ಮೂರನೆಯ ಸಲ ಮೂರೂ ಅಂಗಡಿಯಲ್ಲಿ ಐದು ಕಿಲೋ ಸರಿಯಾಗಿ ನಿಂತಿತು.

"ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಮಾಡಿಸಿಕೊಟ್ಟ ಒಡವೆ ಇದೊಂದೇ," ಅಂದು ಕಲ್ಲನ್ನು ಸೆರಗಿನಿಂದ ಒರೆಸಿದರು. "ಕಳ್ಳರ ಭಯಾನೂ ಇಲ್ಲ."

ಅಂದಿನಿಂದ ತೂಕದ ದಿನ ಮೊದಲು ಜೋಲಿಗೆ ಏರುವುದು ಕಲ್ಲು. ಮುಳ್ಳು ಐದರಲ್ಲಿ ನಿಂತರೆ ಮಕ್ಕಳ ಸರದಿ. ನಿಲ್ಲದಿದ್ದರೆ ತಿರುಪು ಬಿಗಿ ಮಾಡಿ ಮತ್ತೆ ಕಲ್ಲು. ಅರವತ್ತನಾಲ್ಕು ಹಳ್ಳಿಯಲ್ಲಿ ಇಷ್ಟು ತಲೆಕೆಡಿಸಿಕೊಳ್ಳುತ್ತಿದ್ದವರು ಇವರೊಬ್ಬರೇ. ಇವರ ಅಂಕಿಗಳೇ ನನ್ನ ಕಂಪ್ಯೂಟರಿಗೆ ಹಿಡಿಸದೆ ಹೋದವು.

ಆ ಕಂಪ್ಯೂಟರಿಗೆ ಒಂದು ಚಾಳಿಯಿತ್ತು. ಯಾವುದೇ ಮಗುವಿನ ತೂಕ ಒಂದೇ ತಿಂಗಳಲ್ಲಿ ಅರ್ಧ ಕಿಲೋಗಿಂತ ಹೆಚ್ಚು ಇಳಿದರೆ ಪರದೆಯ ಮೇಲೆ ಒಂದು ಪೆಟ್ಟಿಗೆ ಹಾರಿಬರುತ್ತಿತ್ತು: 'ತಪ್ಪು ನಮೂದು. ಪರಿಶೀಲಿಸಿ.' ಪರಿಶೀಲಿಸುವುದೆಂದರೆ ಮೂರು ಪುಟದ ಅರ್ಜಿ ತುಂಬಿ, ಮೇಲ್ವಿಚಾರಕಿ ಮೇಡಂ ಸಹಿಗೆ ಕಾದು, ಹಳ್ಳಿಯಿಂದ ಉತ್ತರ ತರಿಸಿಕೊಳ್ಳುವುದು. ಅಲ್ಲಿಯತನಕ ಮುಂದಿನ ಸಾಲು ತೆರೆಯುತ್ತಿರಲಿಲ್ಲ. ಹೊರಗೆ ನನ್ನ ಬಸ್ಸು ಐದೂವರೆಗೆ. ಕೆಲಸಕ್ಕೆ ಸೇರಿದ ವಾರದಲ್ಲೇ ಹಳಬನೊಬ್ಬ ಉಪಾಯ ಹೇಳಿಕೊಟ್ಟಿದ್ದ: ಹೋದ ತಿಂಗಳ ತೂಕವನ್ನೇ ಮತ್ತೆ ಒತ್ತಿಬಿಡು, ಪೆಟ್ಟಿಗೆ ಮಾಯ. ನಾನು ಜಾಣ ವಿದ್ಯಾರ್ಥಿ. ಮಗುವಿನ ತೂಕ ತಿದ್ದುತ್ತಿದ್ದೇನೆಂದು ಒಂದು ದಿನವೂ ಅನ್ನಿಸಲಿಲ್ಲ. ಒಂದು ಪೆಟ್ಟಿಗೆ ಮುಚ್ಚುತ್ತಿದ್ದೆ, ಅಷ್ಟೆ.

ತೂಕದಕ್ಕನ ಪಟ್ಟಿಯಲ್ಲಿ ಒಂದೂಮುಕ್ಕಾಲು ವರ್ಷದ ಒಂದು ಹೆಣ್ಣುಮಗುವಿತ್ತು. ಊರವರು ಗುಬ್ಬಿ ಅನ್ನುತ್ತಿದ್ದರು. ಎಂಟು ಕಿಲೋ ಆರುನೂರು ಇದ್ದ ಗುಬ್ಬಿ ಜ್ವರ ಬಂದು ಏಳು ಕಿಲೋ ಒಂಬೈನೂರಕ್ಕೆ ಇಳಿದಳು. ಪೆಟ್ಟಿಗೆ ಹಾರಿತು. ನಾನು ಎಂಟು ಆರುನೂರು ಒತ್ತಿದೆ, ಪೆಟ್ಟಿಗೆ ಹೋಯಿತು, ಬಣ್ಣ ಹಸಿರಾಯಿತು, ಬಸ್ಸು ಸಿಕ್ಕಿತು. ಮುಂದಿನ ತಿಂಗಳು ಭೇದಿ ಹತ್ತಿ ಏಳು ನಾನೂರಾದಳು. ಆ ಸಲ ನಾನು ಧಾರಾಳಿಯಾದೆ. ಮಕ್ಕಳೆಂದಮೇಲೆ ಬೆಳೆಯಬೇಕಲ್ಲ, ನೂರು ಗ್ರಾಂ ಹೆಚ್ಚೇ ಇರಲಿ ಎಂದು ಎಂಟು ಏಳುನೂರು ಒತ್ತಿದೆ.

ನಮ್ಮಿಂದ ತಿಂಗಳ ಪಟ್ಟಿ ಅಚ್ಚಾಗಿ ಪೊಟ್ಟಣಗಳ ಜೊತೆ ಹಳ್ಳಿಗೆ ವಾಪಸು ಹೋಗುತ್ತದೆ. ಯಾರೂ ಓದುವುದಿಲ್ಲ ಅಂದುಕೊಂಡಿದ್ದೆವು. ತೂಕದಕ್ಕ ಓದಿದರು. ಮೊದಲು ಒಂದು ಕಾಗದ ಬಂತು: 'ನಾನು ಬರೆದದ್ದು ಏಳು ಒಂಬೈನೂರು. ನಿಮ್ಮಲ್ಲಿ ಎಂಟು ಆರುನೂರು. ನಡುವಿನ ಏಳುನೂರು ಗ್ರಾಂ ಕೊಟ್ಟವರು ಯಾರು? ದಯವಿಟ್ಟು ಇಲ್ಲಿಗೆ ಬಂದು ಅದನ್ನು ಮಗುವಿನ ಮೈಗೂ ಹಾಕಿ ಹೋಗಬೇಕು.' ಅದನ್ನು ನಾನು ಕಚೇರಿಯಲ್ಲಿ ನಾಲ್ಕು ಜನಕ್ಕೆ ಗಟ್ಟಿಯಾಗಿ ಓದಿ ಹೇಳಿದೆ. ಚಹಾದ ಹೊತ್ತು ಚೆನ್ನಾಗಿ ಕಳೆಯಿತು. ಎರಡನೆಯ ಕಾಗದ ಮೇಡಂಗೇ ನೇರವಾಗಿ ಹೋಯಿತು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ: 'ಮಗು ಕೆಂಪಿಗೆ ಬಿದ್ದಿದೆ. ಗಾಡಿ ಬಂದಿಲ್ಲ. ಪೊಟ್ಟಣ ಬಂದಿಲ್ಲ.'

ಮೇಡಂ ನನ್ನನ್ನು ಕರೆದರು. "ಏನಪ್ಪಾ ಇದು? ಆ ಅಮ್ಮನ ರಿಜಿಸ್ಟರೇ ಬೇರೆ, ನಮ್ಮ ಕಂಪ್ಯೂಟರೇ ಬೇರೆ. ನಮ್ಮಲ್ಲಿ ಒಂದೂ ಕೆಂಪು ಮಗು ಇಲ್ಲ ಅಂತ ಮೇಲಕ್ಕೆ ವರದಿ ಹೋಗಿದೆ, ಶಹಬ್ಬಾಸ್ ಅಂತ ವಾಪಸ್ಸೂ ಬಂದಿದೆ. ಹೋಗಿ ರಿಜಿಸ್ಟರ್ ತಿದ್ದಿಸಿ ಸಹಿ ಹಾಕಿಸ್ಕೊಂಡು ಬಾ. ಆಗಲ್ಲ ಅಂದ್ರೆ ನೋಟಿಸ್ ಕೊಡ್ತೀನಿ ಅಂತ ಹೇಳು."

ಎದುರಿಗೆ ನಿಂತಿದ್ದ ನನಗೆ ಏಳುನೂರು ಗ್ರಾಂ ಎಲ್ಲಿಂದ ಬಂತೆಂದು ಚೆನ್ನಾಗಿ ಗೊತ್ತಿತ್ತು. "ಆಯ್ತು ಮೇಡಂ" ಅಂದೆ. ಹೀಗೆ ನಾನು ಆ ಅಂಗಳ ತಲುಪಿದ್ದು, ತಲುಪಿ ಕುಂಬಳಕಾಯಿಯ ರೇಟು ಕೇಳಿದ್ದು.

ಕಚೇರಿಯಿಂದ ಬಂದವನೆಂದು ಹೇಳಿದ ಮೇಲೆ ಹೆಂಗಸರ ನಗು ನಿಂತಿತು. ತೂಕದಕ್ಕ ನನ್ನ ಬೂಟು ನೋಡಿದರು, ಮುಖ ನೋಡಿದರು. "ಮೊದಲು ಕೂತ್ಕೋ. ಗಂಜಿ ಕುಡಿ," ಅಂದರು. ಒಳಗೆ ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕೂತಿದ್ದವು. ಎರಡು ಕಿಟಕಿಯ ಒಂದೇ ಕೋಣೆ. ಗೋಡೆಯ ಕೆಳಭಾಗ ಮಕ್ಕಳ ಕೈ ಸವರಿ ಎಣ್ಣೆಗಪ್ಪಾಗಿತ್ತು. ಮೂಲೆಯಲ್ಲಿ ಒಲೆ, ಒಲೆಯ ಪಕ್ಕದ ಮೊಳೆಗೆ ಉದ್ದ ಹಿಡಿಯ ಸರ್ಕಾರಿ ಸೌಟು ನೇತಾಡುತ್ತಿತ್ತು. ಬಡಿಸುತ್ತಿದ್ದುದು ಬೇರೊಂದರಲ್ಲಿ.

"ಆ ಸೌಟಿಗೇನಾಗಿದೆ?" ಎಂದು ಮಾತಿಗೆ ಕೇಳಿದೆ.

"ಹಿಡಿ ಸಡಿಲ," ಅಂದರು.

ನನಗೂ ಒಂದು ಸೌಟು ಗಂಜಿ ಬಂತು. ಹಸಿದಿದ್ದೆ, ಸಾಲಲಿಲ್ಲ. ಇನ್ನೊಂದು ಕೇಳಲು ನಾಚಿಕೆಯಾಯಿತು.

ಆಮೇಲೆ ಬಂದ ಕೆಲಸ ಹೇಳಿದೆ. ರಿಜಿಸ್ಟರ್, ತಿದ್ದುಪಡಿ, ಸಹಿ. ನೋಟಿಸಿನ ಮಾತನ್ನು ಕೆಮ್ಮಿನ ನಡುವೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನನ್ನದು ತಪ್ಪು ಅಂತೀಯಾ? ಇರಬಹುದು. ಕಣ್ಣಿಗೂ ವಯಸ್ಸಾಯ್ತು. ಇವತ್ತು ತೂಕದ ದಿನ. ನೀನೇ ತೂಗು."

ನನ್ನ ಕೈಯಿಂದಲೇ ಕಲ್ಲು ಏರಿಸಿದರು. ಮುಳ್ಳು ಐದರಲ್ಲಿ ನಿಂತಿತು. "ಸರಿನಾ?" ಸರಿ ಅಂದೆ. ಕಲ್ಲು ಇಳಿಯಿತು. ಇಟ್ಟಿಗೆ ಗೂಡಿನ ಕೆಲಸಕ್ಕೆ ಆ ದಿನ ರಜ ಹಾಕಿ ಬಂದಿದ್ದ ತಾಯಿಯೊಬ್ಬಳು ಮುಂದೆ ಬಂದು, ಸೆರಗಿನೊಳಗಿಂದ ಗುಬ್ಬಿಯನ್ನು ತೆಗೆದಳು. ಆ ಹೆಸರನ್ನು ಮುದ್ದಿಗೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಮಗುವಿನ ಮೊಣಕಾಲು ಅದರ ತೊಡೆಗಿಂತ ದಪ್ಪಗಿತ್ತು. ಜೋಲಿಗೆ ಹಾಕಿದಾಗ ಒದೆಯಲೂ ಇಲ್ಲ, ಅಳಲೂ ಇಲ್ಲ. ಮುಳ್ಳು ತಕ್ಷಣ ನಿಂತಿತು. ಒದ್ದಾಡದ ಮಗುವನ್ನು ತೂಗುವುದು ಅಷ್ಟು ಸುಲಭ.

"ಓದಪ್ಪ."

"ಏಳು... ಏಳು ಕಿಲೋ ಐನೂರು."

"ನೂರು ಗ್ರಾಂ ಏರಿದಾಳೆ," ಅಂದರು ಆ ತಾಯಿಗೆ. ಆಕೆ ಮುಖ ಅರಳಿಸಿ ನನ್ನ ಕಡೆಯೂ ನೋಡಿದಳು, ನಾನೇ ಏರಿಸಿದವನೋ ಎಂಬಂತೆ. ಹೌದು, ನಾನೂ ನೂರು ಗ್ರಾಂ ಏರಿಸಿದ್ದೆ. ಕಾಗದದಲ್ಲಿ.

"ಈಗ ಹೇಳು. ನಿಮ್ಮಲ್ಲಿ ಎಂಟು ಏಳುನೂರು ಹೇಗಾಯ್ತು?"

"ಅದು ಕಂಪ್ಯೂಟರು..."

"ಅದಕ್ಕೆ ಬೆರಳಿದೆಯಾ?"

  ಹೇಳಿಬಿಟ್ಟೆ. ಪೆಟ್ಟಿಗೆ, ಐದೂವರೆಯ ಬಸ್ಸು, ಧಾರಾಳತನ, ಎಲ್ಲ. ಹೇಳುವಾಗ ಅದು ಎಷ್ಟು ಚಿಕ್ಕ ಕಾರಣವೆಂದು ನನಗೇ ಕೇಳಿಸಿತು.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಗುಬ್ಬಿಯನ್ನು ಜೋಲಿಯಿಂದ ಎತ್ತಿ ನನ್ನ ಕೈಗೆ ಕೊಟ್ಟರು. ಕಲ್ಲು ಕೊಟ್ಟ ಹಾಗೆಯೇ ಕೊಟ್ಟರು. "ಹಿಡ್ಕೋ. ಯಾವುದರ ತೂಕ ಬರೀತಿದ್ದೆ ಅಂತ ಗೊತ್ತಾಗಲಿ." ಮಗು ನನ್ನ ಅಂಗಿಯ ಗುಂಡಿಯನ್ನು ಬೆರಳಲ್ಲಿ ಮುಟ್ಟಿತು, ಅಷ್ಟಕ್ಕೇ ದಣಿದು ತಲೆ ಒರಗಿಸಿತು.

"ಫೋನು ಸಿಗೋದು ಮೇಲಿನ ಬಂಡೆ ಹತ್ರ ಮಾತ್ರ," ಅಂದರು ತೂಕದಕ್ಕ. "ಬೂಟು ಬಿಚ್ಚಿಟ್ಟು ಹೋಗು, ಬೇಗ ಹತ್ತಬಹುದು."

ಬರಿಗಾಲಲ್ಲಿ ಹತ್ತಿದೆ. ಮೇಡಂಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ.  "ನಿನಗೆ ತಲೆ ಇದೆಯೇನೋ?" ಎಂಬ ಪ್ರಶ್ನೆ ಬಂತು, ಉತ್ತರ ಅವರೂ ನಿರೀಕ್ಷಿಸಿರಲಿಲ್ಲ. "ನಾಳೆ ಗಾಡಿ ತಗೊಂಡು ನಾನೇ ಬರ್ತೀನಿ. ಮಗುಗೆ ಏನಾದ್ರೂ ಆದ್ರೆ..." ಅಂದು ವಾಕ್ಯ ಮುಗಿಸಲಿಲ್ಲ. ಕುರ್ಚಿ ಅವರದೂ ಅಲುಗಾಡಿತ್ತು.

ಇಳಿದು ಬಂದಾಗ ಉಳಿದ ಮಕ್ಕಳ ತೂಕ ನಡೆದಿತ್ತು. ನಾನು ಬರೆಯಲು ಕೂತೆ, ಪ್ರಾಯಶ್ಚಿತ್ತ ಅಂತಲೇ ಇಟ್ಟುಕೊಳ್ಳಿ. ಗುಬ್ಬಿಯನ್ನು ಬಿಟ್ಟು ಇಪ್ಪತ್ತೆರಡು ಮಕ್ಕಳು. ಬರೆಯುತ್ತ ಬರೆಯುತ್ತ ಒಂದು ವಿಚಿತ್ರ ಕಂಡಿತು. ಎರಡು ತಿಂಗಳಿಂದ ಮುಕ್ಕಾಲು ಪಾಲು ಮಕ್ಕಳ ತೂಕದ ಗೆರೆ ಏರಿರಲಿಲ್ಲ, ಇದ್ದಲ್ಲೇ ಇತ್ತು. ನನ್ನನ್ನು ನೋಡಿ ಮೊದಲು ನಕ್ಕ ಹೆಂಗಸಿನ ಮಗ, ಎಲ್ಲರೂ ಗುಂಡ ಅನ್ನುತ್ತಿದ್ದವನು, ಐವತ್ತು ಗ್ರಾಂ ಇಳಿದೂ ಇದ್ದ. ತೂಕದಕ್ಕ ಆ ಅಂಕಿ ಹೇಳುವಾಗ ದನಿ ತಗ್ಗಿಸಿದರು, ಆದರೆ ಸರಿಯಾಗಿಯೇ ಹೇಳಿದರು. ನಾನು ಬರೆದುಕೊಂಡೆ. ಪೊಟ್ಟಣ ಬಾರದ ಮಗುವೊಂದು ಏರಿದೆ, ಜ್ವರ, ಭೇದಿ ಏನೂ ಇಲ್ಲದ ಮಕ್ಕಳು ಇದ್ದಲ್ಲೇ ನಿಂತಿವೆ. ಗೋಡೆಯ ಮೇಲಿನ ಸೌಟಿನ ಕಡೆ ಕಣ್ಣು ಹೋಯಿತು. ಅದರ ಹಿಡಿ ಗಟ್ಟಿಯಾಗಿಯೇ ಕಾಣುತ್ತಿತ್ತು. ಈ ಸಲ ಏನೂ ಕೇಳಲಿಲ್ಲ. ಅಷ್ಟಾದರೂ ಬುದ್ಧಿ ಬಂದಿತ್ತು.

ಸಂಜೆ ಕೇಂದ್ರ ಮುಚ್ಚುವಾಗ ಗುಬ್ಬಿಯ ತಾಯಿ ಹಿಂದಿನ ಬಾಗಿಲಿಗೆ ಬಂದು ಒಂದು ಮುಚ್ಚಳದ ಡಬ್ಬಿ ಇಸಿದುಕೊಂಡು ಹೋದಳು. ಬಿಸಿಯಿತ್ತು, ಸೆರಗಲ್ಲಿ ಹಿಡಿದಿದ್ದಳು.

ಆ ರಾತ್ರಿ ನಾನು ಕೇಂದ್ರದಲ್ಲೇ ಮಲಗಿದೆ. ಮರುದಿನ ಮಧ್ಯಾಹ್ನ ಮೇಡಂ ಬಂದರು. ಅವರೂ ಗುಡ್ಡ ಹತ್ತಿ ಇಳಿದಿದ್ದರು, ಚಪ್ಪಲಿ ಕೈಯಲ್ಲಿತ್ತು. ಜೊತೆಗೆ ಬಂದಿದ್ದ ನರ್ಸು ಗುಬ್ಬಿಯ ತೋಳಿಗೆ ಅಳತೆಯ ಪಟ್ಟಿ ಸುತ್ತಿ ನೋಡಿದಳು, ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. "ಇವತ್ತೇ ಹೊರಡಬೇಕು, ಗಾಡಿ ಗುಡ್ಡದಾಚೆ ನಿಂತಿದೆ," ಅಂದಳು. ಗುಬ್ಬಿಯ ತಾಯಿ ಎರಡು ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. ಹದಿನೈದು ದಿನ ಗೂಡಿನ ಕೆಲಸ ಬಿಟ್ಟರೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಯಾರನ್ನೋ ಕೇಳಿದಳು.  ತೂಕದಕ್ಕ ಮಗುವಿನ ತಲೆಗೆ ಬಟ್ಟೆ ಸುತ್ತಿ, "ಅಲ್ಲಿ ತೂಗೋ ಮುಂಚೆ ತಕ್ಕಡಿ ಸರಿಯಿದೆಯಾ ಅಂತ ಕೇಳು," ಅಂದರು. ತಾಯಿ, ಮಗು, ನರ್ಸು ಗುಡ್ಡದ ತಿರುವಿನಲ್ಲಿ ಮರೆಯಾಗುವ ತನಕ ಅವರು ಅಂಗಳದಲ್ಲೇ ನಿಂತಿದ್ದರು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮೇಡಂ ಮೇಲಕ್ಕೆ ಹೊಸ ವರದಿ ಕಳಿಸಬೇಕಿತ್ತು, ಅದರಲ್ಲಿ ನನ್ನೊಬ್ಬನ ತಪ್ಪೇ ಇದ್ದರೆ ಸಾಲದೇನೋ. ನನ್ನ ತಪ್ಪಿಗೆ ಸಿಗಬೇಕಾದ್ದು ಸಿಕ್ಕಿದೆ. ಈಗ ಕಂಪ್ಯೂಟರ್ ಮುಟ್ಟುವಂತಿಲ್ಲ, ಲಕೋಟೆಗೆ ಅಂಟು ಹಚ್ಚುತ್ತೇನೆ. ಅಮ್ಮ ಅಕ್ಕಪಕ್ಕದವರಿಗೆ ಏನು ಹೇಳುತ್ತಿದ್ದಾಳೋ ಕೇಳಿಲ್ಲ. ಆದರೆ ಅವತ್ತು ಮೇಡಂ ಸುಮ್ಮನೆ ಹಿಂತಿರುಗಲಿಲ್ಲ. ಒಳಗೆ ಹೋಗಿ ರಿಜಿಸ್ಟರಿನಲ್ಲಿ ಏರದೆ ನಿಂತ ತೂಕಗಳ ಮೇಲೆ ಬೆರಳಾಡಿಸಿ, ಕೋಣೆಯನ್ನು ಒಂದು ಸುತ್ತು ನೋಡಿದರು. ಮಕ್ಕಳು ಊಟಕ್ಕೆ ಕೂತಿದ್ದವು, ಕರೆದೊಯ್ಯಲು ಬಂದ ತಾಯಂದಿರು ಬಾಗಿಲಲ್ಲಿ ನಿಂತಿದ್ದರು. ಮೇಡಂ ಮೊಳೆಯ ಮೇಲಿದ್ದ ಸೌಟು ತೆಗೆದು ಹಿಡಿ ಅಲ್ಲಾಡಿಸಿದರು. ಅಲುಗಲಿಲ್ಲ. ತೂಕದಕ್ಕನ ಕೈಯಲ್ಲಿದ್ದ ಸೌಟು ಇಸಿದುಕೊಂಡು ಅದರೊಳಗಿಟ್ಟರು. ಚಿಕ್ಕದು ದೊಡ್ಡದರೊಳಗೆ ಸಲೀಸಾಗಿ ಕೂತು, ಸುತ್ತ ಒಂದು ಬೆರಳಿನಷ್ಟು ಜಾಗ ಉಳಿಯಿತು.

ಗುಂಡನ ತಾಯಿ ಕತ್ತು ಚಾಚಿ ನೋಡಿದಳು.  ಒಂದು ಮಗು ಖಾಲಿ ತಟ್ಟೆಯನ್ನು ನೆಲಕ್ಕೆ ಬಡಿಯುತ್ತಿತ್ತು.

ನಾನು ಮೇಡಂ ಹತ್ತಿರ ಸರಿದೆ. "ಮೇಡಂ, ಹೊರಗೆ ಮಾತಾಡೋಣ," ಅಂದೆ. ನನ್ನ ಮಾತಿಗೆ ಅಷ್ಟು ಬೆಲೆ ಯಾವತ್ತೂ ಇರಲಿಲ್ಲ, ಅವತ್ತಂತೂ ಇರಲೇ ಇಲ್ಲ.

"ಎರಡು ತಿಂಗಳು ಆ ಮಗುಗೆ ಕಚೇರಿಯಿಂದ ಒಂದು ಪೊಟ್ಟಣಾನೂ ಬಂದಿಲ್ಲ," ಅಂದರು ಮೇಡಂ. "ಆದ್ರೂ ತಿನ್ನಿಸಿದ್ದೀರಿ. ಎಲ್ಲರ ಮುಂದೇನೇ ಹೇಳಿ. ಯಾರ ಪಾಲು ತೆಗೆದು ಕೊಟ್ರಿ?"

ತೂಕದಕ್ಕ ಸೆರಗಿಗೆ ಕೈ ಒರೆಸಿಕೊಂಡರು. ಮೇಡಂ ಕಡೆ ನೋಡಲಿಲ್ಲ. ಬಾಗಿಲಲ್ಲಿ ನಿಂತವರ ಕಡೆ, ಗುಂಡನ ತಾಯಿಯ ಮುಖಕ್ಕೆ ನೇರವಾಗಿ ನೋಡಿ ಹೇಳಿದರು.

"ಇವರೆಲ್ಲರ ಮಕ್ಕಳದು. ಕೇಳಿದ್ರೆ ಒಬ್ಬರೂ ಕೊಡ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ."